ಗಿರಣಿ ಅಕ್ಕ ಕಸಿದುಕೊಂಡ ಡಬ್ಬಿ

ಹೋದ ತಿಂಗಳು ನನ್ನ ಸೊಸೆ ಹಿಟ್ಟು ಬೀಸುವ ಪುಟ್ಟ ಮಿಷನ್ ತರಿಸಿದಳು. ಅಡುಗೆಮನೆಯ ಮೂಲೆಯಲ್ಲಿ ನಿಲ್ಲುವಂಥದ್ದು. ಜೋಳ ಸುರಿದು ಗುಂಡಿ ಒತ್ತಿದಳು. ನಾನು ಹೊರಗಿನ ಕೋಣೆಯಲ್ಲಿ ಸೊಪ್ಪು ಸೋಸುತ್ತ ಕುಳಿತಿದ್ದೆ. ಎರಡು ನಿಮಿಷಕ್ಕೆ ಬಿಸಿ ಹಿಟ್ಟಿನ ವಾಸನೆ ಬಂತು. ಪಾಕೀಟಿನ ಹಿಟ್ಟಿಗೆ ಆ ವಾಸನೆ ಇರುವುದಿಲ್ಲ. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಕಂಪ್ಲಿಯ ಗಿರಣಿ ಅಕ್ಕ ನೆನಪಾದಳು... ನೆನಪಾದಳು ಅನ್ನುವುದೂ ಸುಳ್ಳೇ. ಮರೆತಿದ್ದರೆ ತಾನೇ ನೆನಪಾಗುವುದು.

ಮದುವೆಯಾಗಿ ಸಂಡೂರಿನಿಂದ ಕಂಪ್ಲಿಗೆ ಬಂದಾಗ ನನಗೆ ಇಪ್ಪತ್ತು ವರ್ಷ. ನಮ್ಮ ಮನೆಯಿಂದ ನಾಲ್ಕನೆಯದು ಗಿರಣಿ. ಅಕ್ಕ ಆಗ ಅದನ್ನು ನಡೆಸುತ್ತಿರಲಿಲ್ಲ, ಅಲ್ಲಿ ಕೂಲಿಗಿದ್ದಳು. ಬುಕ್ಕಸಾಗರದ ಹೆಣ್ಣುಮಗಳು. ಗಂಡ ಗಣಿ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಅವಳ ಜೊತೆಗಿದ್ದದ್ದು ಒಂದು ಹೆಣ್ಣುಕೂಸು. ನಾಟಿಯ ಕಾಲದಲ್ಲಿ ಗದ್ದೆಗೆ ಹೋಗುತ್ತಿದ್ದಳು, ಉಳಿದ ದಿನಗಳಲ್ಲಿ ಗಿರಣಿಯಲ್ಲಿ ಹಿಟ್ಟು ತುಂಬುತ್ತಿದ್ದಳು.

ನಾನು ಬಂದ ವರ್ಷವೇ ಗಿರಣಿಯ ಬೆಲ್ಟು ಅವಳ ಬಲಗೈಯ ಮೂರು ಬೆರಳು ತೆಗೆದುಕೊಂಡಿತು. ಸೆರಗು ಸಿಕ್ಕಿತ್ತು, ಬಿಡಿಸಲು ಕೈ ಹಾಕಿದ್ದಳು, ಅಷ್ಟೆ. ಉಳಿದದ್ದು ಹೆಬ್ಬೆರಳು, ತೋರುಬೆರಳು. ಆಮೇಲೆ ಓಣಿಯಲ್ಲಿ ಒಂದು ಸುದ್ದಿ ಹುಟ್ಟಿತು: ಅವಳ ಬೆರಳುಗಳು ಹಿಟ್ಟಿನಲ್ಲಿ ಸೇರಿ ಯಾರದೋ ಮನೆಗೆ ಹೋದವಂತೆ. ನಮ್ಮ ಅತ್ತೆ ಇದನ್ನು ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ಅವತ್ತು ಅವರು ದರೋಜಿಯಲ್ಲಿ ತಂಗಿಯ ಮನೆಯಲ್ಲಿದ್ದರು ಎಂಬುದು ನನಗೊಬ್ಬಳಿಗೇ ನೆನಪಿತ್ತೋ ಏನೋ. "ಅದು ರಕ್ತ ಕುಡಿದ ಕಲ್ಲು" ಎಂದು ಜನ ಆ ಗಿರಣಿಗೆ ಹೋಗುವುದನ್ನೇ ಬಿಟ್ಟರು. ಮಾಲೀಕ ಒಂದೆರಡು ತಿಂಗಳು ನೋಡಿ ಬಾಗಿಲು ಹಾಕಿದ.

ಕೈಯ ಗಾಯ ಮಾಯ್ದ ಮೇಲೆ ಅಕ್ಕ ಆ ಗಿರಣಿಯನ್ನೇ ಬಾಡಿಗೆಗೆ ಹಿಡಿದಳು. ಓಣಿಯೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡಿತು. ನೀರಿನ ನಲ್ಲಿಯ ಹತ್ತಿರ ನಾನೇ ಕೇಳಿದ್ದೆ, "ಅದೇ ಮಿಷನ್ ಮುಂದ ಮತ್ತ ಹೆಂಗ ನಿಂದ್ರತಿಯಕ್ಕಾ?"

"ಎರಡು ಬೆರಳಾಗ ನಾಟಿ ಹಚ್ಚಾಕ ಬರಂಗಿಲ್ಲವಾ. ಗದ್ದಿಗೆ ಯಾರೂ ಕರಿಯವಲ್ರು. ಇದಾದ್ರ ನನಗ ಗುರ್ತಿಂದು" ಎಂದು ಕೊಡ ಎತ್ತಿಕೊಂಡು ಹೋದಳು.

ಗಿರಣಿಯಲ್ಲಿ ಎರಡು ಮಿಷನ್ ಇದ್ದವು. ದೊಡ್ಡದು ಜೋಳ, ಗೋಧಿಗೆ. ಸಣ್ಣದು ಖಾರಕ್ಕೆ. ಅಕ್ಕ ಮೊದಲು ಮಾಡಿದ ಕೆಲಸವೆಂದರೆ ಎರಡರ ಬೆಲ್ಟಿಗೂ ತಂತಿ ಜಾಳಿಗೆಯ ಮರೆ ಕಟ್ಟಿಸಿದ್ದು. ಆಮೇಲೆ ಬಾಗಿಲಲ್ಲಿ ಕುಳಿತು ಕಾದಳು. ಯಾರೂ ಬರಲಿಲ್ಲ. ಮೊದಲು ಬಂದದ್ದು ದನಕ್ಕೆ ಹಾಕುವ ನುಚ್ಚು. ದನಕ್ಕೇನು ಗೊತ್ತಾಗುತ್ತದೆ ಎಂದು ಯಾರೋ ತಂದರು. ಆಮೇಲೆ ಸೀಗೆಕಾಯಿ ಬಂತು. ತಲೆಗೆ ಹಚ್ಚುವುದು, ಬಾಯಿಗಲ್ಲವಲ್ಲ. ನಾಲ್ಕಾರು ತಿಂಗಳಿಗೆ ಒಣಮೆಣಸಿನಕಾಯಿಯೂ ಬಂತು. ಖಾರಕ್ಕೆ ಯಾವ ದೋಷವೂ ತಾಕುವುದಿಲ್ಲ ಎಂದು ಅತ್ತೆಯೇ ತೀರ್ಪು ಕೊಟ್ಟಿದ್ದರು. ಜೋಳ ಮಾತ್ರ ಬರಲಿಲ್ಲ. ನಮ್ಮಲ್ಲಿ ಜೋಳದ ಹಿಟ್ಟು ನಡೆಯದಿದ್ದರೆ ಅದು ಗಿರಣಿಯೇ ಅಲ್ಲ. ಸೀಗೆಕಾಯಿ ಬೀಸಿಕೊಂಡು ತಾಯಿ ಮಗಳ ಹೊಟ್ಟೆ ತುಂಬುವುದಿಲ್ಲ. ನಾಟಿಯೂ ಇಲ್ಲ, ಗಿರಣಿಯೂ ನಡೆಯದಿದ್ದರೆ ಅವಳು ಬುಕ್ಕಸಾಗರದ ಅಣ್ಣಂದಿರ ಹಿತ್ತಲಿಗೆ ಹೋಗಿ ಬೀಳಬೇಕಿತ್ತು. ಅದೊಂದು ಬೇಡ ಎಂದು ಅವಳು ಹಟ ಹಿಡಿದಿದ್ದಳು.

ಆದರೂ ದೊಡ್ಡ ಕಲ್ಲನ್ನು ಅವಳು ಬಿಡಲಿಲ್ಲ. ಗಿರಣಿಯ ಕಲ್ಲು ಸವೆದರೆ ಉಳಿಯಿಂದ ಕುಟ್ಟಿ ಒರಟು ಮಾಡಬೇಕು. ಕುಟ್ಟಿದ ಮೇಲೆ ಮೊದಲ ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರುತ್ತದೆ, ಅದನ್ನು ಗಿರಣಿಯವರೇ ತಮ್ಮ ಜೋಳ ಹಾಕಿ ತೆಗೆಯಬೇಕು. ಅಕ್ಕ ಬಲಗೈಯ ಎರಡು ಬೆರಳಲ್ಲಿ ಉಳಿ ಹಿಡಿದು, ಎಡಗೈಯಲ್ಲಿ ಸುತ್ತಿಗೆ ಹಿಡಿದು ತಾನೇ ಕುಟ್ಟುತ್ತಿದ್ದಳು. ಯಾರ ಜೋಳವೂ ಬರದ ಕಲ್ಲನ್ನು ಹೀಗೆ ಕುಟ್ಟುವುದೇಕೆ ಎಂದು ಜನ ನಗುತ್ತಿದ್ದರು. ನಾನೂ ನಕ್ಕಿರಬೇಕು...

ಮರುವರ್ಷ ನಾನು ಏಳು ತಿಂಗಳ ಬಸುರಿ. ಕೆಟ್ಟ ಬೇಸಿಗೆ. ಪೇಟೆಯ ಗಿರಣಿಗೆ ಹೋಗಲು ಅರ್ಧ ತಾಸು, ಬರಲು ಅರ್ಧ ತಾಸು, ತಲೆಯ ಮೇಲೆ ಡಬ್ಬಿ. ಬಸುರಿ ಓಡಾಡಿಕೊಂಡಿದ್ದರೆ ಹೆರಿಗೆ ಸಲೀಸು ಎಂದು ಅತ್ತೆಯ ನಂಬಿಕೆ. ಅವತ್ತು ಕಾಲು ಬಾತಿದ್ದವು, ಕಣ್ಣಿಗೆ ಕತ್ತಲೆ ಬರುತ್ತಿತ್ತು. ಅಕ್ಕನ ಗಿರಣಿ ದಾಟುವಾಗ ನಿಂತೆ. ಅವಳು ಕರೆಯಲಿಲ್ಲ. ನಾನೇ ಮೆಟ್ಟಿಲು ಹತ್ತಿದೆ, ನಾನೇ ಡಬ್ಬಿ ಇಳಿಸಿದೆ.

"ಇದನ್ನ ಬೀಸಿ ಕೊಡಕ್ಕಾ."

ಅವಳು ಡಬ್ಬಿ ಮುಟ್ಟಲಿಲ್ಲ. "ನಿಮ್ಮ ಅತ್ತೀಗೆ ಹೇಳಿ ಬಂದಿಯೇನು?"

"ಹ್ಞೂಂ."

ಸುಳ್ಳು ಅಂತ ಅವಳಿಗೆ ಗೊತ್ತಾಯಿತು. ನನ್ನ ಕಾಲು ನೋಡಿದಳು, "ಕುಂದ್ರು, ನೀರು ಕುಡಿ" ಎಂದಳು. ಮೊದಲು ತನ್ನ ಜೋಳ ಹಾಕಿ ಕಲ್ಲು ಓಡಿಸಿದಳು, ಆಮೇಲೆ ನಮ್ಮದು. ಬಿದ್ದ ಹಿಟ್ಟನ್ನು ಆ ಎರಡು ಬೆರಳಿನ ನಡುವೆ ತಿಕ್ಕಿ ನೋಡಿ, "ಇನ್ನೊಂದೀಟು ಸಣ್ಣ ಬರ್ಲಿ" ಎಂದು ಕಲ್ಲು ಬಿಗಿ ಮಾಡಿದಳು. ಹೊರಗಿನವರ ಜೋಳ ಆ ಕಲ್ಲಿಗೆ ಬಿದ್ದದ್ದು ಅದೇ ಮೊದಲು.

ಹದಿನೈದು ದಿನ ಮನೆಯಲ್ಲಿ ಅದೇ ಹಿಟ್ಟು. "ಈ ಸಲ ರೊಟ್ಟಿ ಮಸ್ತ್ ಬಂದಾವು, ಬಡಿಯಾಕ ಕಲ್ತಿ ನೋಡು" ಎಂದು ಅತ್ತೆ ನನ್ನನ್ನೇ ಹೊಗಳಿದರು. ಮದುವೆಯಾದ ಮೇಲೆ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ಅಕ್ಕನ ಕೈಗುಣಕ್ಕೆ. ಆಮೇಲೆ ಸಂತೆಯಲ್ಲಿ ಪೇಟೆ ಗಿರಣಿಯವನು ಸಿಕ್ಕು, ಈ ನಡುವೆ ನಿಮ್ಮ ಸೊಸೆ ಬರಲೇ ಇಲ್ಲವಲ್ಲ ಎಂದುಬಿಟ್ಟ.

ಅತ್ತೆ ಮನೆಯೊಳಗೂ ಬರಲಿಲ್ಲ. ಬಾಗಿಲಲ್ಲಿ ನಿಂತು ಕೂಗಿ ನನ್ನನ್ನು ಹೊರಡಿಸಿದರು, ನೇರ ಅಕ್ಕನ ಗಿರಣಿಗೆ. ಅಲ್ಲಿ ಐದಾರು ಹೆಂಗಸರು ಖಾರ ಕುಟ್ಟಿಸಲು ಕುಳಿತಿದ್ದರು.

"ಏನಬೇ, ನಮ್ಮ ಜ್ವಾಳ ಆ ಕಲ್ಲಿಗೆ ಹಾಕಿದಿಯಂತ?"

ಅಕ್ಕ ನನ್ನ ಮುಖ ನೋಡಿದಳು. ಎಲ್ಲರೂ ನೋಡಿದರು. "ನಾನು ಪ್ಯಾಟಿಗೇ ಹೊಂಟಿದ್ದೆ. ಅಕ್ಕನೇ ಡಬ್ಬಿ ಕಸ್ಕೊಂಡ್ಲು" ಎಂದೆ.

ಹೀಗೆ ಬರೆಯುವಾಗಲೂ ಮುಖ ಸುಡುತ್ತದೆ. ಇದ್ದ ನಾಲ್ಕು ಗಿರಾಕಿಗಳೂ ಎದ್ದು ಹೋದರೆ ಅವಳ ಗತಿ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಅಕ್ಕ ಮಿಷನ್ ನಿಲ್ಲಿಸಿದಳು. "ಹೌದ್ರಿ ದೊಡ್ಡಮ್ಮಾ. ಬಸುರಿ ಹೆಣ್ಮಗಳು ಬಿಸಿಲಾಗ ಹೊಂಟಿತ್ತು, ನಾನೇ ಕಸ್ಕೊಂಡೆ. ತಪ್ಪು ನಂದೇ." ಆಮೇಲೆ ಕೇಳಿದಳು, "ಹದಿನೈದು ದಿನ ಉಂಡೀರಿ. ಹಲ್ಲಿಗೆ ಏನಾರ ಸಿಕ್ತೇನ್ರಿ?"

ನಮ್ಮ ಅತ್ತೆಯ ಬಾಯಿ ದೊಡ್ಡದು. ಬೇರೆಯವರ ವಿಷಯದಲ್ಲಿ ಏನನ್ನಾದರೂ ಸೇರಿಸಿ ಹೇಳುತ್ತಿದ್ದರು, ತಾವು ಉಂಡ ಅನ್ನದ ಮೇಲೆ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ.

"ಇಲ್ಲ. ರೊಟ್ಟಿ ಭಾಳ ಚಲೋ ಆಗಿದ್ವು" ಎಂದು ಅಲ್ಲಿಂದ ಹೊರಟೇಬಿಟ್ಟರು.

ಮುಂದಿನ ವಾರ ಆ ಹೆಂಗಸರಲ್ಲೇ ಒಬ್ಬಳು ಎರಡು ಸೇರು ಜೋಳ ತಂದಳಂತೆ, ಯಾರಿಗೂ ಹೇಳಬೇಡ ಎಂದು. ಮತ್ತೊಬ್ಬಳು ಬಂದಳು, ಅವಳೂ ಯಾರಿಗೂ ಹೇಳಬೇಡ ಎಂದಳು. ದೀಪಾವಳಿಯ ಹೊತ್ತಿಗೆ ಯಾರಿಗೂ ಹೇಳಬೇಡ ಎನ್ನುವವರದೇ ಗಿರಣಿಯ ಮುಂದೆ ಪಾಳಿ. ಅತ್ತೆ ಮಾತ್ರ ಸಾಯುವ ತನಕ ಆ ಮೆಟ್ಟಿಲು ಹತ್ತಲಿಲ್ಲ, ನಾನು ಹೋಗುವುದನ್ನು ತಡೆಯಲೂ ಇಲ್ಲ. ಕೆಲವು ವರ್ಷಗಳ ಮೇಲೆ ಅಕ್ಕ ಗಿರಣಿಯನ್ನು ಸ್ವಂತಕ್ಕೇ ಮಾಡಿಕೊಂಡಳು.

ಕ್ಷಮೆ ಕೇಳಬೇಕೆಂದು ಎಷ್ಟು ಸಲ ಹೋಗಿದ್ದೇನೋ... ಒಮ್ಮೆ ಯಾರೂ ಇಲ್ಲದಾಗ, "ಅಕ್ಕಾ, ಅವತ್ತು ನಾನು..." ಎಂದು ಶುರು ಮಾಡಿದೆ.

"ಮೊದ್ಲು ಸೆರಗು ಸಿಗಿಸ್ಕೋ. ಬೆಲ್ಟ್ ಐತಿ ಅಲ್ಲಿ" ಎಂದಳು. ಸಿಗಿಸಿಕೊಂಡೆ. ಅಷ್ಟರಲ್ಲಿ ಯಾರೋ ಗೋಧಿ ತಂದರು.

ಆಮೇಲೆ ನಾವು ಹೊಸಪೇಟೆಗೆ ಬಂದೆವು. ಕಂಪ್ಲಿ ಎಷ್ಟು ಹೊತ್ತಿನ ದಾರಿ, ಆದರೂ ಹೋಗುವುದು ಕಡಿಮೆಯಾಯಿತು. ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ಬಂತು. ಮಾತಾಡಿಸಿಕೊಂಡು ಬರಲು ಹೋದೆ. ಗಿರಣಿಯನ್ನು ಈಗ ಮಗಳು ನಡೆಸುತ್ತಾಳೆ. ಬಂದವರಿಗೆಲ್ಲ ಅವಳು ತಾಯಿಯ ಕಥೆ ಹೇಳುತ್ತಿದ್ದಳು.

"ನಮ್ಮವ್ವ ಭಾಳ ಗಟ್ಟಿ ಹೆಂಗಸ್ರಿ. ಯಾರೂ ಜ್ವಾಳ ತರವಲ್ರು ಅಂತ ದಾರಿಗೆ ಹೊಂಟ ಬಸುರಿ ಕೈಯಾಗಿನ ಡಬ್ಬಿ ಕಸ್ಕೊಂಡು ಬೀಸಿ ಕೊಟ್ಟಾಳ. ಅಲ್ಲಿಂದನೇ ಗಿರಣಿ ನಡೀತು. ಕಡೀತನಕ ಅದನ್ನೇ ಹೇಳ್ತಿದ್ಲು." ಜನ ನಕ್ಕರು. ಸಾವಿನ ಮನೆಯಲ್ಲಿ ಅಂಥ ನಗು ಒಳ್ಳೆಯದು. ಅವಳು ನನ್ನ ಕಡೆ ತಿರುಗಿದಳು. "ಹೌದಿಲ್ರಿ ಚಿಗವ್ವ?"

ಅಕ್ಕ ಮಗಳ ಮುಂದೆಯೂ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಇಷ್ಟು ವರ್ಷ, ಒಬ್ಬರ ಹತ್ತಿರವೂ.

"ಹೌದವಾ" ಎಂದೆ.

ಈಗ ಅತ್ತೆಯೂ ಇಲ್ಲ, ಅಕ್ಕನೂ ಇಲ್ಲ. ಅವಳಿದ್ದಾಗ ಹೇಳಬೇಕಾದ ಮಾತು, ಈಗ ಹೇಳಿದರೆ ಕೇಳುವವರು ಯಾರು. ಆದರೂ ಬರೆಯುತ್ತಿದ್ದೇನೆ. ಆ ಡಬ್ಬಿಯನ್ನು ಯಾರೂ ಕಸಿದುಕೊಳ್ಳಲಿಲ್ಲ. ಒಳಗೆ ಒಯ್ದವಳು ನಾನು.