ಕುದುರೆ ಮೊಟ್ಟೆ ಹೊತ್ತವಳು

ಡೊಂಬಿವಲಿಯ ನಮ್ಮ ಮನೆಯಲ್ಲಿ ದೇವರ ಮುಂದೆ ದೀಪ ಉರಿಯುತ್ತದೆ, ಊದುಬತ್ತಿ ಉರಿಯುವುದಿಲ್ಲ. ಊರಿನ ಬಸ್ಸಿನಲ್ಲಿ ಉಡುಪಿ ಮಲ್ಲಿಗೆ ಬಂದಿಳಿದ ದಿನ ನೆರೆಯ ಹೆಂಗಸರು ಚೆಂಡು ಚೆಂಡಾಗಿ ಮುಡಿದು ಸಂಭ್ರಮಿಸುವಾಗ ನಾನು ಬಾಗಿಲಲ್ಲೇ ನಿಂತು ಮೂಸಿ, ಸುಮ್ಮನೆ ಒಳಗೆ ಬರುತ್ತೇನೆ. ಭಕ್ತಿ ಕಡಿಮೆಯಾಯಿತೆಂದು ಅಮ್ಮ ಬಹಳ ಕಾಲ ನೊಂದುಕೊಂಡಿದ್ದರು. ನಿಜ ಸಂಗತಿಯೆಂದರೆ, ಹತ್ತಾರು ವರ್ಷ ತುರ್ಭೆಯ ಒಂದು ಸಣ್ಣ ಪ್ರಯೋಗಶಾಲೆಯಲ್ಲಿ ಗಾಜಿನ ತಟ್ಟೆಯೊಳಗೆ ಭ್ರೂಣ ಬೆಳೆಸುವ ಕೆಲಸ ಮಾಡಿದವಳು ನಾನು. ಪರಿಮಳವೆಂದರೆ ನನಗೆ ಹೆದರಿಕೆ. ಊದುಬತ್ತಿಯ ಹೊಗೆ, ನೆಲ ಒರೆಸುವ ಫಿನೈಲು, ಪಕ್ಕದ ಮಳಿಗೆಯಲ್ಲಿ ಹೊಸದಾಗಿ ಬಳಿದ ಬಣ್ಣ, ಇವೆಲ್ಲ ಗಾಳಿಯಲ್ಲಿ ತೇಲಿ ಬಂದು ಕಣ್ಣಿಗೆ ಕಾಣದ ಆ ಜೀವವನ್ನು ಕೊಲ್ಲಬಲ್ಲವು ಎಂದು ಮೊದಲ ದಿನವೇ ಕಲಿಸಿದ್ದರು. ಕಲಿತ ವಿದ್ಯೆ ಮರೆತೀತು, ಕಲಿತ ಭಯ ಮರೆಯದು.

ನಮ್ಮದು ಕುದುರೆಗಳ ಕೆಲಸ. ಗಬ್ಬ ನಿಲ್ಲದ ಹೆಣ್ಣು ಕುದುರೆಯ ಅಂಡಾಶಯದಿಂದ ಸೂಜಿಯಲ್ಲಿ ಮೊಟ್ಟೆಗಳನ್ನು ಸೆಳೆದು, ಕೂದಲಿಗಿಂತ ತೆಳ್ಳಗಿನ ಇನ್ನೊಂದು ಸೂಜಿಯಿಂದ ಒಂದೊಂದರೊಳಗೆ ಒಂದೊಂದೇ ವೀರ್ಯಾಣುವನ್ನು ಇಟ್ಟು, ಭ್ರೂಣವಾದರೆ ಬೇರೊಂದು ಎಳೆಯ ಕುದುರೆಯ ಗರ್ಭಕ್ಕೆ ಸೇರಿಸುವುದು. ಕುಂಬಳಕಾಯಿಯನ್ನು ಕುದುರೆ ಮೊಟ್ಟೆಯೆಂದು ನಂಬಿ ಹೊತ್ತುಕೊಂಡು ಹೋದ ಪೆದ್ದನ ಕತೆಯನ್ನು ನೀವೂ ಚಿಕ್ಕಂದಿನಲ್ಲಿ ಕೇಳಿ ನಕ್ಕಿರಬಹುದು. ನಾನು ನಿಜವಾಗಿಯೂ ಕುದುರೆ ಮೊಟ್ಟೆ ಹೊತ್ತಿದ್ದೇನೆ, ಲೋಕಲ್ ರೈಲಿನಲ್ಲಿ, ಎರಡು ಕೈಗಳಿಂದ ಅವುಚಿಕೊಂಡು. ನಗು ಬರಲಿಲ್ಲ.

ಟಿಟ್ವಾಳಾದಲ್ಲಿ ಸುಧಾಕರ ಮಾಮನಿಗೆ ಎರಡು ಕುದುರೆಗಳಿದ್ದವು. ಮಾಮ ನಮ್ಮ ಅಪ್ಪನ ಗೆಳೆಯರು, ಉಡುಪಿ ಕಡೆಯವರು; ಕಲ್ಯಾಣದಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ, ಅದನ್ನು ಅಳಿಯನಿಗೆ ಬಿಟ್ಟು, ಯಾರಿಗೂ ಅರ್ಥವಾಗದ ತಮ್ಮ ಆಸೆಯ ಬೆನ್ನು ಹತ್ತಿ ಅಲ್ಲಿ ಲಾಯ ಕಟ್ಟಿಕೊಂಡಿದ್ದರು. ಹಿರಿಯ ಕುದುರೆಯ ಹೆಸರು ರೇವಾ. ಮಾರವಾಡಿ ತಳಿಯ, ಕಿವಿಯ ತುದಿಗಳು ಒಂದಕ್ಕೊಂದು ಮುಟ್ಟುವಂಥ ಚೆಲುವೆ, ವಯಸ್ಸು ಹತ್ತೊಂಬತ್ತು. ಮೂರು ಸಲ ಗಬ್ಬ ಹೋಗಿತ್ತು. ಅವಳದೊಂದು ಮರಿ ನೋಡಬೇಕೆಂಬ ಮಾಮನ ಹಂಬಲವನ್ನು ನಾನೇ ನಮ್ಮ ಪ್ರಯೋಗಶಾಲೆಯ ಮುಖ್ಯಸ್ಥೆಗೆ, ಪಶುವೈದ್ಯೆಯಾದ ಮೇಡಂಗೆ, ಮುಟ್ಟಿಸಿದ್ದೆ.

ಆ ಮೇ ತಿಂಗಳ ಬೆಳಿಗ್ಗೆ ಮೇಡಂ ಲಾಯದಲ್ಲೇ ಒಂಬತ್ತು ಮೊಟ್ಟೆ ತೆಗೆದರು. ಅವರು ಇನ್ನೊಂದು ಊರಿಗೆ ಹೋಗಬೇಕಿದ್ದುದರಿಂದ ಪೆಟ್ಟಿಗೆಯನ್ನು ತುರ್ಭೆಗೆ ಮುಟ್ಟಿಸುವ ಹೊಣೆ ನನ್ನದಾಯಿತು. ಐಸಿನ ತಂಪು ಕೂಡದು, ಬಿಸಿಲ ಕಾವೂ ಕೂಡದು. ಇಪ್ಪತ್ತೆರಡು ಡಿಗ್ರಿಯ ಆಸುಪಾಸಿನಲ್ಲಿ ಅವು ನಿದ್ದೆ ಮಾಡುತ್ತಾ ಬರಬೇಕು. ಮುಚ್ಚಳದ ಮೇಲೆ ಅಂಕಿ ತೋರಿಸುವ ಒಂದು ಉಷ್ಣಮಾಪಕವಿತ್ತು. ಬಾಡಿಗೆ ಗಾಡಿಯಲ್ಲಿ ಕಲ್ಯಾಣ ದಾಟಿ ಶೀಳ್ ರಸ್ತೆಗೆ ಬಂದರೆ ಟ್ರಕ್ಕೊಂದು ಮಗುಚಿಕೊಂಡು ಸಾಲು ನಿಂತಿತ್ತು. "ತೀನ್ ಘಂಟಾ ಲಗೇಗಾ, ಮ್ಯಾಡಮ್," ಮೂರು ಗಂಟೆ ಹಿಡಿಯುತ್ತದೆ ಎಂದು ಡ್ರೈವರ್ ಇಂಜಿನ್ ಆರಿಸಿಬಿಟ್ಟ. ಗಾಡಿಯೊಳಗೆ ಕಾವು ಏರತೊಡಗಿತು. ನಾನು ಇಳಿದು, ರಿಕ್ಷಾ ಹಿಡಿದು ಡೊಂಬಿವಲಿ ಸ್ಟೇಷನ್ನಿಗೆ ಓಡಿದೆ.

ಹೆಂಗಸರ ಬೋಗಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರ ಮೊಣಕೈ ತಗಲುತ್ತದೋ, ಯಾರ ಬ್ಯಾಗು ಬಡಿಯುತ್ತದೋ ಎಂಬ ದಿಗಿಲಿನಲ್ಲಿ ಪೆಟ್ಟಿಗೆಯನ್ನು ಹೊಟ್ಟೆಗೊತ್ತಿ, ಅದರ ಮೇಲೆ ಬಾಗಿ, ಸೆರಗು ಹೊದಿಸಿ ನಿಂತೆ. ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿದೆ, ಅಲ್ಲಿಂದ ತುರ್ಭೆಯ ತನಕ ಹಾಗೆಯೇ. ಪ್ರಯೋಗಶಾಲೆಯ ಮೆಟ್ಟಿಲ ಮೇಲೆ ಸೆರಗು ಸರಿಸಿ ನೋಡಿದರೆ ಅಂಕಿ ಮೂವತ್ತಮೂರು. ಗುದ್ದು ಬೀಳದಿರಲೆಂದು ಅಪ್ಪಿಕೊಂಡ ನನ್ನ ಮೈಯ ಕಾವೇ ಒಳಗಿಳಿದಿತ್ತು. ಆಮೇಲೆ ಒಳಗೆ ಹೋಗಿ, ತಾಪಮಾನದ ಪಟ್ಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದೆ: ಇಪ್ಪತ್ತೆರಡು.

ಒಂಬತ್ತರಲ್ಲಿ ಒಂದೂ ಬೆಳೆಯಲಿಲ್ಲ. ಪ್ರತಿದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗಲೂ ಕಪ್ಪಗೆ ಮುದುಡಿದ ಚುಕ್ಕೆಗಳು. ಮೇಡಂ ಕಾರಣಗಳನ್ನು ಒಂದೊಂದಾಗಿ ಹುಡುಕಿದರು: ಋತು ಸರಿಯಿತ್ತು, ಗಂಡು ಕುದುರೆಯ ವೀರ್ಯ ಚೆನ್ನಾಗಿತ್ತು, ದ್ರಾವಣ ಹೊಸದು, ಸಾಗಣೆಯ ತಾಪಮಾನ ನನ್ನ ಪಟ್ಟಿಯ ಪ್ರಕಾರ ನಿಖರ. ಕೊನೆಗೆ ಉಳಿದದ್ದು ಒಂದೇ. "ವಯ ಝಾಲಂ ತಿಚಂ," ಎಂದು ನಿಟ್ಟುಸಿರಿಟ್ಟರು, ವಯಸ್ಸಾಯಿತು ಅವಳಿಗೆ. ಮೂವತ್ತೇಳರ ನನಗೆ ಅದೇ ವರ್ಷ, ಠಾಣೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ, ನನ್ನದೇ ವರದಿಯನ್ನು ಮಡಚುತ್ತಾ ವೈದ್ಯರು ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದರು. ಆ ಮಾತು ಕೇಳಿಸಿಕೊಳ್ಳುವವಳಿಗೆ ಎಷ್ಟು ಆಳಕ್ಕೆ ಇಳಿಯುತ್ತದೆಂದು ಬಲ್ಲ ನಾನೇ ಅದನ್ನು ಮೂಕಪ್ರಾಣಿಯ ತಲೆಗೆ ಕಟ್ಟಿ ಸುಮ್ಮನಿದ್ದೆ. ತಪ್ಪು ಮಾಡಿದವರಿಗೆ ನಿದ್ದೆ ಬರುವುದಿಲ್ಲ ಅನ್ನುತ್ತಾರೆ, ನನಗೆ ಬರುತ್ತಿತ್ತು. ಎಚ್ಚರವಾಗುವಾಗ ಮಾತ್ರ ಎದೆಯ ಮೇಲೆ ಯಾರೋ ಕುಳಿತಂತಿರುತ್ತಿತ್ತು.

ಎರಡು ವಾರದ ಮೇಲೆ, ಒಂದು ಶುಕ್ರವಾರ, ಮಾಮನ ಫೋನು ಬಂತು. "ಶಾಲಿನಿ, ರೇವಾನ ಕೊಟ್ಟುಬಿಡ್ತಾ ಇದ್ದೇನೆ. ಕಲ್ಯಾಣದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಇಡುವವನೊಬ್ಬ ಉಂಟಲ್ಲ, ಭಾನುವಾರ ಬರ್ತಾನೆ."

"ಮಾಮ, ಅವಳಿಗೆ ಬ್ಯಾಂಡಿನ ಸದ್ದು ಆಗೋದಿಲ್ಲ ಅಂತ ನೀವೇ ಹೇಳಿದ್ರಿ."

"ಪಟಾಕಿ ಹೊಡೆದ್ರೆ ನಡುಗ್ತಾಳೆ, ಗೊತ್ತುಂಟು. ಎಂತ ಮಾಡುದು? ನನಗೂ ಮೈಯಲ್ಲಿ ತ್ರಾಣ ಇಲ್ಲ, ಎರಡೆರಡು ಕುದುರೆ ನೋಡ್ಲಿಕ್ಕೆ ಆಗುದಿಲ್ಲ. ಮರಿ ಆಗ್ತದೆ ಅಂತ ಇಟ್ಟುಕೊಂಡಿದ್ದೆ. ಮುಗೀತು ಅಂತ ಮೇಡಮ್ಮೇ ಹೇಳಿದ್ರಲ್ಲ."

ಶನಿವಾರ ಬೆಳಿಗ್ಗೆ ಮೇಡಂ ಕೋಣೆಯ ಬಾಗಿಲು ತಟ್ಟಿದೆ. ಕೆಲಸ ಹೋಗುತ್ತದೆ, ಈ ಊರಿನಲ್ಲಿ ಇಂಥ ಕೆಲಸ ಮತ್ತೆ ಸಿಗುವುದಿಲ್ಲ, ಯಾವ ಪ್ರಯೋಗಶಾಲೆಯೂ ಸುಳ್ಳು ಅಂಕಿ ಬರೆದವಳನ್ನು ಒಳಗೆ ಬಿಡುವುದಿಲ್ಲ, ಎಲ್ಲವೂ ಗೊತ್ತಿತ್ತು. ಹೇಳಿದೆ. ಅವರು ಪಟ್ಟಿಯನ್ನು ತರಿಸಿ, ನನ್ನ ಇಪ್ಪತ್ತೆರಡರ ಮೇಲೆ ಗೀಟು ಹಾಕಿ, ನನ್ನಿಂದಲೇ ಮೂವತ್ತಮೂರು ಬರೆಸಿದರು. ಆಮೇಲೆ ಹಿಂದಿಯಲ್ಲಿ ಕೇಳಿದರು, "ಅವರಿಗೆ ನಾನು ಹೇಳಲೋ, ನೀನು ಹೇಳ್ತೀಯೋ?"

ಮಧ್ಯಾಹ್ನ ಟಿಟ್ವಾಳಾದ ಲಾಯದಲ್ಲಿ ಮಾಮ ರೇವಾಳ ಮೈ ತಿಕ್ಕುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಅವರ ಕೈಯ ಬ್ರಷ್ಷು ನಿಲ್ಲಲಿಲ್ಲ. ನಿಂತಾಗ ನನಗೆ ಓಡಿಹೋಗಬೇಕೆನಿಸಿತು.

"ಹಾಗಾದ್ರೆ ಇವಳ ತಪ್ಪಲ್ಲ."

"ಗೊತ್ತಿಲ್ಲ ಮಾಮ. ಇವಳದ್ದೇ ಅಂತ ಹೇಳುವ ಹಾಗಿಲ್ಲ."

"ಹದಿನೈದು ದಿನದಿಂದ ಇವಳ ಮುಖ ಸರಿಯಾಗಿ ನೋಡ್ಲಿಲ್ಲ ನಾನು," ಎಂದರು. ರೇವಾಳ ಕೊರಳು ತಟ್ಟಿ, "ನೀನು ಈಗ ಹೋಗು," ಎಂದರು. ನೀರು ಬೇಕಾ ಎಂದು ಕೇಳದೆ ಅವರು ನನ್ನನ್ನು ಕಳಿಸಿದ್ದು ಅದೊಂದೇ ಸಲ.

ಭಾನುವಾರ ಬಂದವನನ್ನು ಮಾಮ ಗೇಟಿನಿಂದಲೇ ವಾಪಸು ಕಳಿಸಿದ್ದರು. ಸೋಮವಾರ ಮೇಡಂಗೆ ಫೋನು ಮಾಡಿ ಇನ್ನೊಂದು ಸಲ ನೋಡಿ ಎಂದರಂತೆ. ಜೂನಿನಲ್ಲಿ ಎಂಟು ಮೊಟ್ಟೆ ಸಿಕ್ಕವು. ಈ ಬಾರಿ ಪೆಟ್ಟಿಗೆ ಗಾಡಿಯ ಸೀಟಿನ ಮೇಲೆ ಬೆಲ್ಟು ಕಟ್ಟಿಸಿಕೊಂಡು ಕೂತಿತ್ತು, ಮೇಡಂ ಅದರ ಪಕ್ಕದಲ್ಲಿದ್ದರು. ನಾನು ಮುಂದೆ ಕುಳಿತು, ಅವರು ಗಟ್ಟಿಯಾಗಿ ಓದಿದ ಅಂಕಿಯನ್ನು ಹತ್ತು ನಿಮಿಷಕ್ಕೊಮ್ಮೆ ಬರೆದುಕೊಂಡೆ. ಎಂಟರಲ್ಲಿ ಒಂದೇ ಒಂದು ಭ್ರೂಣವಾಯಿತು. ಮಾಮನ ಎಳೆಯ ಕುದುರೆಯ ಗರ್ಭಕ್ಕೆ ಅದನ್ನು ಸೇರಿಸಿದರು. ನನ್ನ ಕೆಲಸ ಉಳಿಯಿತು, ಆದರೆ ಒಂದು ವರ್ಷ ನಾನು ಬರೆದ ಪ್ರತಿ ಅಂಕಿಯ ಪಕ್ಕದಲ್ಲಿ ಇನ್ನೊಬ್ಬರ ಸಹಿ ಬೀಳುತ್ತಿತ್ತು.

ಮುಂದಿನ ಮೇ ತಿಂಗಳಲ್ಲಿ, ಬೆಳಿಗ್ಗೆ ಏಳರ ಹೊತ್ತಿಗೆ, ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಫೋನು ಬಡಿದುಕೊಂಡಿತು.

"ಹುಟ್ಟಿತು. ಹೆಣ್ಣು. ಇನ್ನೂ ಎದ್ದು ನಿಲ್ಲಲಿಲ್ಲ."

ಕುದುರೆಮರಿ ಹುಟ್ಟಿದ ಒಂದೆರಡು ಗಂಟೆಯೊಳಗೆ ಎದ್ದು ನಿಲ್ಲಬೇಕು, ನಿಲ್ಲದಿದ್ದರೆ ಏನೋ ಕೆಟ್ಟಿದೆ ಎಂದೇ ಅರ್ಥ. "ಎಷ್ಟು ಹೊತ್ತಾಯ್ತು ಮಾಮ?"

"ಒಂದೂವರೆ ಗಂಟೆ. ಕಾಲು ಮಡಚಿ ಮಡಚಿ ಬೀಳ್ತದೆ. ಡಾಕ್ಟ್ರು ದಾರಿಯಲ್ಲಿದ್ದಾರೆ. ನೀನು ಫೋನು ಇಡಬೇಡ ಮಾರಾಯ್ತಿ, ನನಗೆ ಇಲ್ಲಿ ಒಬ್ಬನಿಗೆ ಹೆದರಿಕೆ ಆಗ್ತದೆ."

ಇಡಲಿಲ್ಲ. ನಾನು ಹತ್ತಬೇಕಿದ್ದ ಲೋಕಲ್ ಬಂತು, ಹೋಯಿತು. ಮತ್ತೊಂದು ಬಂತು. ಜನ ನನ್ನನ್ನು ನೂಕಿ, ಬೈದು, ಸುತ್ತಿಬಳಸಿ ಹತ್ತಿದರು. ಫೋನಿನಲ್ಲಿ ಮಾತಿರಲಿಲ್ಲ, ಹುಲ್ಲು ಸರಪರ ಅನ್ನುವುದು, ಏನೋ ಧೊಪ್ಪನೆ ಬೀಳುವುದು, ಮಾಮನ ಉಸಿರು, ಮತ್ತೆ ಧೊಪ್ಪೆಂಬ ಸದ್ದು. ಪ್ರತಿ ಸದ್ದಿಗೂ ನಾನು ಕಣ್ಣು ಮುಚ್ಚುತ್ತಿದ್ದೆ. ಮೂರನೆಯ ರೈಲು ಸದ್ದಡಗಿ ದೂರವಾದ ಮೇಲೆ ಅತ್ತ ಕಡೆಯಿಂದ ಯಾವ ಶಬ್ದವೂ ಇಲ್ಲ. ಕೇಳಲು ಧೈರ್ಯವಾಗಲಿಲ್ಲ.

"ನಿಂತಿತು," ಎಂದರು ಮಾಮ, ಪಿಸುಮಾತಿನಲ್ಲಿ. "ಶಾಲಿನಿ, ನಿಂತಿತು ನೋಡು."