ಒಂದೇ ವಾರ ಹುಟ್ಟದ ಜೋಡಿ

ಬೆಳಗಿನ ಐದೂವರೆ. ಸಾಲಿನ ಅಂಗಡಿಗಳೆಲ್ಲ ಇನ್ನೂ ಶಟರ್ ಎಳೆದುಕೊಂಡೇ ಇವೆ. ಮೆಟ್ಟಿಲ ಕೆಳಗಿನ ಹತ್ತಡಿ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಐವತ್ತನಾಲ್ಕು ದಾಟಿದ ವ್ಯಕ್ತಿಯೊಬ್ಬರು ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಓಡುತ್ತಿರುವ ಹಾರ್ಡ್ ಡಿಸ್ಕಿಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಾರೆ. ಏಳು ಗಂಟೆಯಾದರೆ ಬಸ್ಸುಗಳ ಸದ್ದು ಶುರುವಾಗುತ್ತದೆ. ಆಮೇಲೆ ಡಿಸ್ಕಿನ ದನಿ ಕೇಳಿಸುವುದಿಲ್ಲ. ಅದಕ್ಕೇ ಈ ಹೊತ್ತು.

ಬಜಾರಿನಲ್ಲಿ ಇವರನ್ನು ‘ಜೋಡಿಯಣ್ಣ’ ಎಂದೇ ಕರೆಯುತ್ತಾರೆ. ಮನೆಗಳಲ್ಲಿ ಫೋಟೊ, ವಿಡಿಯೊ, ಕಾಗದಪತ್ರ ಕೂಡಿಡಲು ಜನ ‘ರೇಡ್’ ಎಂಬ ಪುಟ್ಟ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ಅದರೊಳಗೆ ಎರಡು ಡಿಸ್ಕ್. ಒಂದರಲ್ಲಿ ಬರೆದದ್ದೆಲ್ಲ ಅದೇ ಕ್ಷಣ ಇನ್ನೊಂದರಲ್ಲೂ ಬರೆದುಕೊಳ್ಳುತ್ತದೆ. ಒಂದು ಸತ್ತರೆ ಇನ್ನೊಂದು ಉಳಿಯಬೇಕು. ಆ ಎರಡು ಡಿಸ್ಕ್‌ಗಳನ್ನು ಹೊಂದಿಸಿ ಕೊಡುವುದು ಇವರ ಕೆಲಸ.

ಇವತ್ತು ಮೇಜಿನ ಮೇಲಿರುವ ಪೆಟ್ಟಿಗೆ ಒಬ್ಬ ಟೀಚರದು. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಆಕೆ, ಪ್ರತಿ ಮಗುವಿನ ಬಾಯಿಂದ ಮೊದಲು ಸ್ಪಷ್ಟವಾಗಿ ಹೊರಟ ಮಾತನ್ನು ಧ್ವನಿಮುದ್ರಿಸಿ ಇಟ್ಟಿದ್ದಾರೆ. ಎಂಟು ವರ್ಷ, ನೂರಾ ಆರು ಮಕ್ಕಳು. ಹೊಸದಾಗಿ ಬರುವ ಅಪ್ಪ ಅಮ್ಮ ಭರವಸೆ ಕಳೆದುಕೊಂಡು ಕೂತಾಗ ಟೀಚರ್ ಕೇಳಿಸುವುದು ಇದನ್ನೇ. ಮೊನ್ನೆ ಜೋಡಿಯಲ್ಲಿ ಒಂದು ಡಿಸ್ಕ್ ನಿಂತಿದೆ. ಟೀಚರ್ ತಾವೇ ಒಂದು ಹೊಸದನ್ನು ತರಿಸಿ ಹಾಕಿದರೆ ಪೆಟ್ಟಿಗೆ ಒಪ್ಪಿಲ್ಲ.

“ಹೊರಗಡೆ ಎರಡರ ಮೇಲೂ ನಾಲ್ಕು ಟಿಬಿ ಅಂತಾನೇ ಬರ್ದಿದೆ. ಒಳಗೆ ಎಣಿಸಿದ್ರೆ ಹೊಸದು ಕೂದಲೆಳೆಯಷ್ಟು ಚಿಕ್ಕದು. ಪಾತ್ರೆ ಚಿಕ್ಕದಾದ್ರೆ ನೀರು ಹಿಡಿಯಲ್ವಲ್ಲ” ಎನ್ನುತ್ತಾರೆ ಜೋಡಿಯಣ್ಣ. ಕಡಿಮೆ ಬೆಲೆಯ ಕೆಲವು ಡಿಸ್ಕ್‌ಗಳು ಹೆಂಚು ಹೊದಿಸಿದ ಹಾಗೆ ಗೆರೆಯ ಮೇಲೆ ಗೆರೆ ಒತ್ತಿ ಬರೆಯುತ್ತವೆ. ನಕಲು ಇಳಿಸುವಾಗ ತಡವರಿಸುವ ಅವನ್ನೂ ಇವರು ಮುಟ್ಟುವುದಿಲ್ಲ. ಅಳತೆ ಒಂದೇ ಇರಬೇಕು, ತಿರುಗುವ ವೇಗ ಒಂದೇ ಇರಬೇಕು, ಬರೆಯುವ ರೀತಿ ಒಂದೇ ಇರಬೇಕು. ಆದರೆ ಎರಡೂ ಒಂದೇ ವಾರ ತಯಾರಾಗಿರಬಾರದು.

ಈ ಕೊನೆಯ ಮಾತಿಗೆ ಗಿರಾಕಿಗಳು ನಗುತ್ತಾರೆ. ಸಗಟು ಅಂಗಡಿಯವನಂತೂ, “ಒಂದೇ ಡಬ್ಬದಲ್ಲಿ ಇಪ್ಪತ್ತಿವೆ, ಎರಡು ಎತ್ಕೊಂಡು ಹೋಗಣ್ಣ, ಯಾಕೆ ಊರೆಲ್ಲ ಸುತ್ತುತೀಯಾ?” ಎಂದು ಪ್ರತಿಸಲ ಕಿಚಾಯಿಸುತ್ತಾನೆ. ಇವರು ಒಂದನ್ನು ಅಲ್ಲಿ ಕೊಂಡು, ಇನ್ನೊಂದಕ್ಕೆ ಎರಡು ಬಸ್ಸು ಬದಲಿಸಿ ಊರಿನ ಆಚೆ ತುದಿಗೆ ಹೋಗುತ್ತಾರೆ. ಟವೆಲ್ ಸುತ್ತಿದ ಡಿಸ್ಕ್ ದಾರಿಯುದ್ದಕ್ಕೂ ತೊಡೆಯ ಮೇಲೇ ಇರುತ್ತದೆ. ತಂದದ್ದನ್ನು ಪೂರ್ತಿ ತುಂಬಿಸಿ, ಪೂರ್ತಿ ಓದಿಸಿ ನೋಡಲು ಹದಿನೆಂಟು ಗಂಟೆ ಬೇಕು. ಇಪ್ಪತ್ತರಲ್ಲಿ ಎರಡೋ ಮೂರೋ ವಾಪಸ್ಸು ಹೋಗುತ್ತವೆ. ವಾರಕ್ಕೆ ಆರು ಜೋಡಿ ಹೊರಬಿದ್ದರೆ ಅದೇ ಹೆಚ್ಚು.

ಪ್ರತಿ ಡಿಸ್ಕಿನ ನಂಬರು, ತಯಾರಾದ ವಾರ, ಯಾರ ಮನೆಗೆ ಹೋಯಿತು ಎಂಬುದನ್ನೆಲ್ಲ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುವವರು ಹೆಂಡತಿ. “ನಮ್ಮ ಮದುವೆ ಮಾತಾಡುವಾಗ್ಲೂ ಇವರು ಇಷ್ಟು ವಿಚಾರಿಸಿರ್ಲಿಲ್ಲ” ಎಂದು ಅವರು ನಗುತ್ತಾರೆ. “ಡಿಸ್ಕಿನ ಉಸಿರು ಕೇಳುತ್ತೆ. ನಾನು ಕರೆದಿದ್ದು ಮಾತ್ರ ಕೇಳಲ್ಲ.”

ಕಿವಿಯ ಈ ಅಭ್ಯಾಸ ಹಳೆಯದು. ಅಪ್ಪ ತೀರಿಕೊಂಡಾಗ ಹದಿನೇಳನೇ ವಯಸ್ಸಿಗೆ ಓದು ಬಿಟ್ಟು ಫ್ಯಾನ್ ಮೋಟಾರಿಗೆ ತಂತಿ ಸುತ್ತುವ ಕೆಲಸಕ್ಕೆ ಸೇರಿದವರು. ಬೇರಿಂಗ್ ಸವೆದಿದೆಯೇ ಎಂದು ಸ್ಕ್ರೂಡ್ರೈವರ್ ಹಚ್ಚಿ ಕೇಳುವುದನ್ನು ಕಲಿತದ್ದು ಅಲ್ಲಿ. ಜನ ಹಳೆಯ ಫ್ಯಾನು ರಿಪೇರಿ ಮಾಡಿಸುವುದನ್ನು ಬಿಟ್ಟಾಗ ಕಂಪ್ಯೂಟರಿನತ್ತ ತಿರುಗಿದರು. ಇಂಗ್ಲಿಷ್ ಕೈಪಿಡಿಗಳನ್ನು ಹೆಂಡತಿ ಓದಿ ಹೇಳುತ್ತಿದ್ದರು.

ಕಪಾಟಿನ ಮೇಲಿನ ಹಲಗೆಯಲ್ಲಿ ಎರಡು ಸತ್ತ ಡಿಸ್ಕ್‌ಗಳಿವೆ. ನಂಬರುಗಳಲ್ಲಿ ಕೊನೆಯ ಅಂಕಿ ಮಾತ್ರ ಬೇರೆ: ಒಂದರದು ನಾಲ್ಕು, ಇನ್ನೊಂದರದು ಐದು. ಹನ್ನೆರಡು ವರ್ಷದ ಹಿಂದೆ ಇದೇ ಟೀಚರಿಗೆ ಕೊಟ್ಟ ಮೊದಲ ಜೋಡಿ. “ಅವಳಿ ಮಕ್ಕಳ ಥರ ಇವೆ ನೋಡಿ ಅಂತ ಎದೆಯುಬ್ಬಿಸಿ ಹೇಳಿದ್ದೆ” ಎನ್ನುತ್ತಾರೆ. ನಾಲ್ಕು ವರ್ಷ ಕಳೆದ ಮೇಲೆ ಒಂದು ಮಂಗಳವಾರ ಮೊದಲನೆಯದು ನಿಂತಿತು. ಹೊಸದಕ್ಕೆ ನಕಲು ಇಳಿಸುತ್ತಿರುವಾಗಲೇ, ಗುರುವಾರ, ಎರಡನೆಯದೂ ನಿಂತಿತು. ಒಂದೇ ದಿನ, ಒಂದೇ ಕಡೆ ತಯಾರಾದವು, ಒಂದೇ ಪೆಟ್ಟಿಗೆಯಲ್ಲಿ ಅಷ್ಟೇ ದುಡಿದಿದ್ದವು, ದಣಿದದ್ದೂ ಒಟ್ಟಿಗೇ. ಮೂವತ್ತೊಂದು ಮಕ್ಕಳ ಮೊದಲ ಮಾತು ಅವುಗಳೊಡನೆ ಹೋಯಿತು.

“ಟೀಚರಮ್ಮ ಬೈಲಿಲ್ಲ. ‘ಮಕ್ಕಳು ಮಾತಾಡ್ತಾ ಇದ್ದಾರಲ್ಲ, ಅದು ಹೋಗಿಲ್ವಲ್ಲ’ ಅಂದ್ರು. ಬೈದಿದ್ರೆ ನಿದ್ದೆಯಾದ್ರೂ ಬರ್ತಿತ್ತು.”

ಬೇರೆ ಬೇರೆ ವಾರದ ಜೋಡಿ ಹುಡುಕುವ ನೇಮ ಶುರುವಾದದ್ದು ಅಂದಿನಿಂದ. ಆ ನೇಮದ ಮೊದಲ ಜೋಡಿಯೇ ಈಗ ಮೇಜಿನ ಮೇಲಿರುವುದು. ಅದರಲ್ಲಿ ಒಂದು ಹೋಗಿದೆ, ಇನ್ನೊಂದು ಓಡುತ್ತಿದೆ. ಉಳಿದದ್ದನ್ನು ಮೊದಲಿಂದ ಕೊನೆಯವರೆಗೆ ಓದಿ ಹೊಸದಕ್ಕೆ ಇಳಿಸಬೇಕು. ವಯಸ್ಸಾದ ಡಿಸ್ಕಿಗೆ ಇದಕ್ಕಿಂತ ದೊಡ್ಡ ದುಡಿಮೆಯಿಲ್ಲ. ಮೂರನೆಯ ನಕಲೊಂದನ್ನು ಬೇರೆ ಕಡೆ ಇಡಿ ಎಂದು ಇವರು ಹೇಳುತ್ತಲೇ ಬಂದಿದ್ದರು. ಟೀಚರ್ ನಾಳೆ, ನಾಡಿದ್ದು ಎನ್ನುತ್ತಲೇ ಬಂದಿದ್ದರು. ಹಾಗಾಗಿ ಇರುವುದು ಇದೊಂದೇ.

ಆರು ಗಂಟೆಗೆ, ಇವರೇ ಹುಡುಕಿ ತಂದು ಪರೀಕ್ಷೆ ಮುಗಿಸಿದ ಹೊಸ ಡಿಸ್ಕ್ ಪೆಟ್ಟಿಗೆ ಸೇರುತ್ತದೆ. ಪರದೆಯ ಮೇಲೆ ಶೇಕಡಾ ಒಂದು. ಟೀಚರ್ ಒಂಬತ್ತಕ್ಕೆ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಆಗ ಇಪ್ಪತ್ತೊಂಬತ್ತು.

“ನೀವು ಮನೆಗೆ ಹೋಗಿ ಟೀಚರಮ್ಮ. ನೋಡ್ತಾ ಕೂತ್ರೆ ಬೇಗ ಆಗಲ್ಲ.”

“ನೀವೂ ನೋಡ್ತಾನೇ ಕೂತಿದ್ದೀರಲ್ಲ?”

ಮೂಲೆಯಲ್ಲಿ ಕೂತ ಹೆಂಡತಿ ನಗುತ್ತಾರೆ.

ಮಧ್ಯಾಹ್ನ ಎಪ್ಪತ್ತೊಂದರಲ್ಲಿ ಅಂಕಿ ನಿಲ್ಲುತ್ತದೆ. ಹಳೆಯ ಡಿಸ್ಕ್ ಟಿಕ್ ಎನ್ನುತ್ತದೆ, ಮತ್ತೊಮ್ಮೆ ಟಿಕ್. ರಸ್ತೆಯ ಗದ್ದಲದಲ್ಲಿ ಸ್ಕ್ರೂಡ್ರೈವರ್ ಕೆಲಸಕ್ಕೆ ಬಾರದು. ಅವರು ಪೆಟ್ಟಿಗೆಯ ಮೇಲೆ ಅಂಗೈ ಇಡುತ್ತಾರೆ, ಜ್ವರ ನೋಡುವಂತೆ. ಪುಟ್ಟ ಫ್ಯಾನನ್ನು ಹತ್ತಿರ ಸರಿಸುತ್ತಾರೆ. ನಾಲ್ಕು ನಿಮಿಷದ ಮೇಲೆ ಎಪ್ಪತ್ತೆರಡು.

ಸಂಜೆ ನಾಲ್ಕು ಹತ್ತಕ್ಕೆ ನೂರು. ಟೀಚರ್ ಎದ್ದು ನಿಂತು ಮತ್ತೆ ಕೂರುತ್ತಾರೆ. ಪರೀಕ್ಷೆಗೆಂದು ಯಾವುದೋ ಒಂದು ಕಡತ ತೆರೆದರೆ, ಮಗುವೊಂದು ಎಳೆದೆಳೆದು “ಬಾ... ಗಿ... ಲು” ಎನ್ನುತ್ತದೆ. ಜೋಡಿಯಣ್ಣ ಅದನ್ನೇ ಇನ್ನೊಮ್ಮೆ ಕೇಳಿಸುತ್ತಾರೆ. ಆಮೇಲೆ ಮೂರನೆಯ ಡಿಸ್ಕೊಂದನ್ನು ಸಿಕ್ಕಿಸಿ ನಕಲಿಗೆ ಹಾಕುತ್ತಾರೆ. ಈ ಸಲ ಟೀಚರ್ ‘ನಾಳೆ’ ಎನ್ನುವುದಿಲ್ಲ.

“ಆ ಹಳೇದನ್ನೂ ಇವತ್ತೇ ಬದಲಾಯಿಸಿಬಿಡಿ ಅಣ್ಣ. ಭಯ ಆಗುತ್ತೆ.”

“ಇವತ್ತು ಬೇಡ. ಎರಡೂ ಒಂದೇ ದಿನ ಕೆಲಸಕ್ಕೆ ಸೇರಿದ ಹಾಗಾಗುತ್ತೆ. ನಕಲು ಕೈಲಿರುತ್ತಲ್ಲ, ಮೂರು ತಿಂಗಳು ಬಿಟ್ಟು ಬನ್ನಿ. ಅಷ್ಟರಲ್ಲಿ ಬೇರೆ ವಾರದ್ದೊಂದು ಹುಡುಕಿಟ್ಟಿರ್ತೀನಿ.”

ನಿಂತುಹೋದ ಡಿಸ್ಕನ್ನು ಅವರು ಕಪಾಟಿಗೆ ಒಯ್ಯುತ್ತಾರೆ. ನಾಲ್ಕು ಮತ್ತು ಐದರ ಪಕ್ಕದಲ್ಲಿ, ಒಂದು ಗೇಣು ಜಾಗ ಬಿಟ್ಟು ಇಡುತ್ತಾರೆ. ಏನು ಬರೆಯಲಿ ಎಂದು ಹೆಂಡತಿ ನೋಟ್‌ಬುಕ್ ತೆರೆದು ಕೇಳುತ್ತಾರೆ.

“ಇದು ಒಂಟಿಯಾಗಿ ಹೋಯ್ತು ಅಂತ ಬರಿ” ಎನ್ನುತ್ತಾರೆ ಜೋಡಿಯಣ್ಣ. “ದಿನಾಂಕಾನೂ ಹಾಕು.”