ನಾಗಪುರದಲ್ಲಿ ಇಳಿಯದ ವಿಮಾನ

ಬೆಂಗಳೂರಿನಿಂದ ದೆಹಲಿಗೆ ಹೋಗುವ ವಿಮಾನ ನಾಗಪುರದಲ್ಲಿ ಇಳಿಯುತ್ತಿರಲಿಲ್ಲ. ಶಾರದಾ, ನಿನ್ನ ಅಪ್ಪನಿಗೆ ನಾನು ಹೇಳಿದ್ದು ಸುಳ್ಳು — ಗೊತ್ತಿದ್ದೇ ಹೇಳಿದ ಸುಳ್ಳು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹೊನ್ನಾಳಿಯಲ್ಲಿ ಪತ್ರಿಕೆಯೊಂದರ ವರದಿಗಾರ. ನ್ಯಾಮತಿಯ ನಿಮ್ಮ ಬಟ್ಟೆ ಅಂಗಡಿಗೆ ಜಾಹೀರಾತು ಕೇಳುವ ನೆಪದಲ್ಲಿ ಬರುತ್ತಿದ್ದೆ. ನಿಮ್ಮಪ್ಪ ಜಾಹೀರಾತು ಕೊಡುತ್ತಿದ್ದದ್ದು ದೀಪಾವಳಿಗೆ ಮಾತ್ರ. ನಾನು ಬರುತ್ತಿದ್ದದ್ದು ವರ್ಷವಿಡೀ. ಯಾಕೆಂದು ನಿನಗೆ ಹೇಳುವ ಧೈರ್ಯ ಆಗಿನ್ನೂ...

ಅಷ್ಟರಲ್ಲಿ ಜಗಳೂರಿನ ಸಂಬಂಧ ಬಂತು. ಹುಡುಗ ದೆಹಲಿಯಲ್ಲಿ ಎಂಜಿನಿಯರು. ಎಲ್ಲರಿಗೂ ಒಪ್ಪಿಗೆ, ನಿಮ್ಮಮ್ಮನದೊಂದೇ ತಕರಾರು — ಮಗಳಿಗೆ ಹುಷಾರಿಲ್ಲವೆಂದು ತಂತಿ ಬಂದರೆ ಹೋಗಿ ಮುಟ್ಟುವುದು ಯಾವಾಗ? ವಿಮಾನ ಹತ್ತಿದರೆ ಎರಡೂವರೆ ತಾಸು ಎಂದು ಹುಡುಗನ ಕಡೆಯವರು ಹೇಳಿಹೋದರು. ಅದು ನಿಜವಾದರೆ ಕೊಡೋಣ ಎಂದರು ನಿಮ್ಮಮ್ಮ.

ನಿಮ್ಮಪ್ಪ ನನ್ನನ್ನೇ ಕೇಳಿದರು. "ಏನಪ್ಪಾ ಪೇಪರ್‌ನೋನೆ, ಎರಡೂವರೆ ತಾಸಿಗೆ ದಿಲ್ಲಿ ಮುಟ್ಟಾಕೆ ಆಗ್ತೈತಾ? ಇವರು ಬುರುಡೆ ಬಿಡ್ತಾರೋ ಹೆಂಗೆ?"

ಆಗುತ್ತದೆಂದು ನನಗೆ ಗೊತ್ತಿತ್ತು. ಬೇರೊಂದು ವರದಿಗಾಗಿ ಆಗಷ್ಟೇ ವಿಮಾನಗಳ ವೇಳಾಪಟ್ಟಿ ನೋಡಿದ್ದೆ.

"ಎಲ್ಲಾಗ್ತೈತೆ ಯಜಮಾನ್ರೇ," ಅಂದೆ. "ನಾಗಪುರದಾಗೆ ಇಳಿದು ಬೇರೆ ವಿಮಾನ ಹತ್ತಬೇಕು. ಸೀಟು ಸಿಕ್ರೆ ಅವತ್ತು, ಇಲ್ದಿದ್ರೆ ಮಾರನೇ ದಿನ."

ನ್ಯಾಮತಿಯಿಂದ ಜಗಳೂರಿಗೆ ಹೊನ್ನಾಳಿ, ಹರಿಹರ, ದಾವಣಗೆರೆಗಳಲ್ಲಿ ಬಸ್ಸು ಬದಲಿಸುತ್ತಿದ್ದ ಮನುಷ್ಯ; ಅನುಮಾನವೇ ಪಡಲಿಲ್ಲ. "ಜಗಳೂರಿಗೇ ಮೂರು ಕಡೆ ಇಳೀತೀವಿ. ದಿಲ್ಲಿಗೆ ಒಂದೇ ಕಡೆ ಅಂದ್ರೆ ವಾಸಿನೇ ಬಿಡು," ಎಂದು ನಕ್ಕರು.

ನನ್ನ ಸುಳ್ಳು ವ್ಯರ್ಥವಾಯಿತೆಂದುಕೊಂಡೆ. ಆದರೆ ಒಳಬಾಗಿಲಲ್ಲಿ ನಿಂತಿದ್ದ ನಿಮ್ಮಮ್ಮ, "ಮಾರನೇ ದಿನನಾ? ಬ್ಯಾಡ ಬಿಡ್ರಿ," ಎಂದರು. ಜಗಳೂರಿನವರಿಗೆ ಇಲ್ಲವೆಂದು ಹೇಳಿ ಕಳಿಸಿದ್ದಾಯಿತು.

ಮುಂದಿನ ವರ್ಷ ನಾನು ಹೆಣ್ಣು ಕೇಳಲು ಬಂದಾಗ ನಿಮ್ಮಮ್ಮನೇ ಮೊದಲು ಒಪ್ಪಿದ್ದು — "ಹೊನ್ನಾಳಿ ಅಂದ್ರೆ ಒಂದೇ ಬಸ್ಸು."

ನಾವು ಚೆನ್ನಾಗಿಯೇ ಬಾಳಿದ್ದೇವೆ, ನೀನೂ ಹಾಗೆನ್ನುತ್ತೀ. ಆದರೆ ಅದು ಇದಕ್ಕೆ ಉತ್ತರವಲ್ಲ. ಮದುವೆಯಾದ ಹೊಸದರಲ್ಲಿ, ಚನ್ನಗಿರಿಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ನೀನು ಅಂದೆ: "ಆ ದಿಲ್ಲಿಯೋರನ್ನ ನಾನು ಒಪ್ಪಿದ್ದೆ, ಗೊತ್ತೇನ್ರೀ? ವಿಮಾನದಾಗೆ ಕುಂದ್ರಾಕೆ ಆಸೆ ಇತ್ತು." ನೀನು ನಕ್ಕೆ. ನಾನೂ ನಕ್ಕೆ — ನಿನಗಿಂತ ಜೋರಾಗಿ.

ಪತ್ರಿಕೆಯಲ್ಲಿ ಒಂದು ಅಂಕಿ ತಪ್ಪಾದರೂ ಮರುದಿನವೇ ತಿದ್ದುಪಡಿ ಹಾಕಿಸುತ್ತಿದ್ದವನು ನಾನು. ಇದೊಂದನ್ನು ಮಾತ್ರ... ನಿನ್ನನ್ನು ಕೇಳಿ ನಿರ್ಧರಿಸಬೇಕಾದದ್ದನ್ನು ನಾನೇ ನಿರ್ಧರಿಸಿಬಿಟ್ಟೆ. ತಿದ್ದುಪಡಿ ಇಲ್ಲಿದೆ: ವಿಮಾನ ನೇರ. ದೂರ ಸುಮಾರು ಸಾವಿರದ ಏಳುನೂರು ಕಿಲೋಮೀಟರು. ಸಮಯ, ಅವರು ಹೇಳಿದಷ್ಟೇ.

ಇದು ಭಾನುವಾರದ ಪತ್ರಿಕೆಯಲ್ಲಿ ಬರುತ್ತದೆ. ಮನೆಯಲ್ಲಿ ಪತ್ರಿಕೆಯನ್ನು ಮೊದಲು ಬಿಡಿಸುವವಳು ನೀನು. ಅವತ್ತು ನಾನು ವಾಕಿಂಗ್‌ಗೆ ಹೋಗುವುದಿಲ್ಲ. ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿರುತ್ತೇನೆ. ಓದಿ ಮುಗಿಸಿ ಕರೆ.